ಲ್ಯಾಪ್‌ಟಾಪ್ ಮಲಗಬೇಕಾದರೆ ಕಾಯುವವರೂ ಮಲಗಬೇಕು

ಹೋದ ಮಳೆಗಾಲದ ಒಂದು ಸಂಜೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, ಚೀಲಕ್ಕೆ ಸೇರಿಸಿ, ಮನೆಯ ಬಸ್ಸು ಹತ್ತಿದ್ದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆಯ ಮೇಲಿದ್ದ ಚೀಲ ಕಾದ ಹೆಂಚಿನ ಹಾಗಾಗಿತ್ತು. ಒಳಗಿನಿಂದ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ತೆಗೆದು ನೋಡಿದರೆ ಯಂತ್ರ ಮಲಗಿಯೇ ಇರಲಿಲ್ಲ. ಬೆಳಿಗ್ಗೆ ತುಂಬಿಸಿದ್ದ ಬ್ಯಾಟರಿ ತಳ ಕಂಡಿತ್ತು.

ಮನೆಗೆ ಬಂದು ಚಾರ್ಜರ್ ಸಿಕ್ಕಿಸಿ ಲಿನಕ್ಸ್ ಕರ್ನಲ್‌ನ ಲಾಗ್ ತೆಗೆದೆ. ಉತ್ತರ ಅಲ್ಲೇ ಇತ್ತು. ಪ್ರೋಗ್ರಾಮುಗಳನ್ನು ಫ್ರೀಜ್ ಮಾಡುವ ಕೆಲಸ 20.00 ಸೆಕೆಂಡಿನ ನಂತರ ವಿಫಲವಾಯಿತು, 1 ಟಾಸ್ಕ್ ಫ್ರೀಜ್ ಆಗಲು ಒಪ್ಪಲಿಲ್ಲ ಎಂದು ಕರ್ನಲ್ ಬರೆದಿಟ್ಟಿತ್ತು. ಕೆಳಗೆ ಆ ಟಾಸ್ಕಿನ ಹೆಸರು, ಪಕ್ಕದಲ್ಲಿ ‘ಡಿ’ ಎಂಬ ಒಂದೇ ಅಕ್ಷರ. ಅದು ನನ್ನ ಬ್ಯಾಕಪ್ ಪ್ರೋಗ್ರಾಮು. ಆ ಹೊತ್ತಿನಲ್ಲಿ ಅದು ಲೆಕ್ಕ ಹಾಕುತ್ತಿರಲಿಲ್ಲ, ಡಿಸ್ಕಿಗೆ ಬರೆಯುತ್ತಲೂ ಇರಲಿಲ್ಲ. ದೂರದ ಇನ್ನೊಂದು ಯಂತ್ರದಿಂದ ಬರಬೇಕಾದ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿತ್ತು.

ಕೆಲಸದಲ್ಲಿ ಮುಳುಗಿದ ಪ್ರೋಗ್ರಾಮು ಸಸ್ಪೆಂಡನ್ನು ತಡೆಯುವುದು ಅಪರೂಪ. ತಡೆಯುವುದು ಹೆಚ್ಚಾಗಿ ಹೀಗೆ ಕಾಯುತ್ತ ಕೂತದ್ದೇ. ಬೆಂಗಳೂರಿನಲ್ಲಿ ಡ್ರೈವರ್ ಮತ್ತು ಕರ್ನಲ್ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ಎಂಜಿನಿಯರುಗಳು ಬೇಕಾದಷ್ಟು ಮಂದಿ ಇದ್ದಾರೆ. ಕಾಲೇಜಿನಲ್ಲಿ ಮೊದಲ ಡ್ರೈವರ್ ಬರೆಯುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗೆ. ಕೊನೆಯಲ್ಲಿ ಲಿನಕ್ಸ್ ಬಳಸುವವರಿಗೂ ನಾಲ್ಕು ಮಾತು ಇವೆ.

ಮುಚ್ಚಳ ಹಾಕಿದ ಮೇಲೆ

ಸಸ್ಪೆಂಡ್ ಎಂದರೆ ಸ್ವಿಚ್ ಆರಿಸಿದಷ್ಟು ಸರಳವಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಲಸ. ಮೊದಲು ಡಿಸ್ಕಿಗೆ ಹೋಗಬೇಕಾದ ಬಾಕಿ ಡೇಟಾವನ್ನು ಕರ್ನಲ್ ಬರೆದು ಮುಗಿಸುತ್ತದೆ. ಆಮೇಲೆ ಸಸ್ಪೆಂಡ್ ಬರುತ್ತಿದೆ ಎಂದು, ಮುಂಚೆಯೇ ಹೆಸರು ನೋಂದಾಯಿಸಿಕೊಂಡ ಡ್ರೈವರುಗಳಿಗೆ ತಿಳಿಸುತ್ತದೆ. ಮೂರನೆಯದು ಫ್ರೀಜರ್‌ನ ಸರದಿ: ಬಳಕೆದಾರರ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿ, ನಂತರ ಫ್ರೀಜ್ ಆಗಲು ಒಪ್ಪಿರುವ ಕರ್ನಲ್ ಥ್ರೆಡ್ಡುಗಳನ್ನೂ ವರ್ಕ್‌ಕ್ಯೂಗಳನ್ನೂ ನಿಲ್ಲಿಸುತ್ತದೆ. ಇಷ್ಟಾದ ಮೇಲೆ ಸಾಧನಗಳು ಒಂದೊಂದಾಗಿ ಮಲಗುತ್ತವೆ. ಒಂದನ್ನು ಬಿಟ್ಟು ಉಳಿದ ಸಿಪಿಯುಗಳು ಆರುತ್ತವೆ. ಕಡೆಗೆ ಯಂತ್ರವೇ ಮಲಗುತ್ತದೆ.

ಪ್ರೋಗ್ರಾಮುಗಳು ಮೊದಲು, ಕರ್ನಲ್ ಥ್ರೆಡ್ಡುಗಳು ಆಮೇಲೆ ಎಂಬ ಕ್ರಮಕ್ಕೆ ಕಾರಣವಿದೆ. ಅರ್ಧಕ್ಕೆ ಬಂದಿರುವ ಪ್ರೋಗ್ರಾಮಿನ ಕೆಲಸ ಮುಗಿಯಲು ಕರ್ನಲ್ ಥ್ರೆಡ್ಡುಗಳ ನೆರವು ಬೇಕಾಗಬಹುದು. ಅಡುಗೆಯವರನ್ನು ಮೊದಲು ಮನೆಗೆ ಕಳಿಸಿದರೆ ಪಂಕ್ತಿಯಲ್ಲಿ ಕೂತವರ ಊಟ ಮುಗಿಯುವುದು ಹೇಗೆ?

ಪ್ರೋಗ್ರಾಮುಗಳನ್ನು ನಿಲ್ಲಿಸಲೇಬೇಕೆ ಎಂಬ ಪ್ರಶ್ನೆಗೆ ಹೈಬರ್ನೇಷನ್‌ನಲ್ಲಿ ಸ್ಪಷ್ಟ ಉತ್ತರವಿದೆ. ಅಲ್ಲಿ ಕರ್ನಲ್ ಇಡೀ ಮೆಮೊರಿಯ ಚಿತ್ರ ತೆಗೆದು ಡಿಸ್ಕಿನಲ್ಲಿ ಇಡುತ್ತದೆ. ಚಿತ್ರ ತೆಗೆದ ಮೇಲೆ ಯಾವುದೋ ಪ್ರೋಗ್ರಾಮು ಫೈಲಿಗೆ ಏನಾದರೂ ಬರೆದರೆ, ಎದ್ದಾಗ ಮೆಮೊರಿ ಹೇಳುವುದು ಒಂದು, ಡಿಸ್ಕಿನಲ್ಲಿ ಇರುವುದು ಇನ್ನೊಂದು. ಫೈಲ್ ವ್ಯವಸ್ಥೆ ಅಲ್ಲಿಗೆ ಕೆಟ್ಟ ಹಾಗೆಯೇ. ಮೆಮೊರಿಗೆ ಕರೆಂಟು ಉಳಿಸಿಕೊಂಡು ಮಲಗುವ ಸಾಮಾನ್ಯ ಸಸ್ಪೆಂಡಿನಲ್ಲಿ ಈ ಅಪಾಯವಿಲ್ಲ. ಆದರೂ, ಅರ್ಧ ಮಲಗಿದ ಸಾಧನದ ಬಾಗಿಲನ್ನು ಯಾವ ಪ್ರೋಗ್ರಾಮೂ ತಟ್ಟಬಾರದು. ಅದಕ್ಕಾಗಿ ಅಲ್ಲೂ ಫ್ರೀಜರ್ ಬೇಕು.

ಫ್ರೀಜರ್ ಬಲವಂತ ಮಾಡುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲಸದ ನಡುವೆ ಯಾರನ್ನೂ ಅದು ಕತ್ತು ಹಿಡಿದು ನಿಲ್ಲಿಸುವುದಿಲ್ಲ. ಎಲ್ಲರಿಗೂ ಕರೆ ಕೊಟ್ಟು, ಅವರವರೇ ಸುರಕ್ಷಿತವಾದ ಜಾಗಕ್ಕೆ ಬಂದು ನಿಲ್ಲಲಿ ಎಂದು ಕಾಯುತ್ತದೆ. ಮೊದಲು 1 ಮಿಲಿಸೆಕೆಂಡು, ಬಳಿಕ 2, 4, 8 ಎಂದು ಅಂತರ ಹೆಚ್ಚಿಸುತ್ತ ಪಟ್ಟಿಯನ್ನು ಮತ್ತೆ ಮತ್ತೆ ನೋಡುತ್ತದೆ. 20 ಸೆಕೆಂಡಾದರೂ ಒಬ್ಬರು ಬಾಕಿ ಉಳಿದರೆ ಸಸ್ಪೆಂಡನ್ನೇ ಕೈಬಿಟ್ಟು, ಅಷ್ಟು ಹೊತ್ತು ನಿಂತಿದ್ದವರನ್ನೆಲ್ಲ ಎಬ್ಬಿಸುತ್ತದೆ. ನನ್ನ ಚೀಲದಲ್ಲಿ ಆದದ್ದು ಇದು.

ಕಾಯುವುದರಲ್ಲಿ ಮೂರು ಬಗೆ

ಕರ್ನಲ್‌ನೊಳಗೆ ಕಾಯುವುದೆಂದರೆ ಎಲ್ಲವೂ ಒಂದೇ ಅಲ್ಲ. ಸಸ್ಪೆಂಡಿನ ದೃಷ್ಟಿಯಿಂದ ಮೂರು ಬಗೆ ಮುಖ್ಯ.

ಮೊದಲನೆಯದು ಇಂಟರಪ್ಟಿಬಲ್ ಕಾಯುವಿಕೆ. ಸಿಗ್ನಲ್ ಬಂದರೆ ಈ ಟಾಸ್ಕ್ ಎಚ್ಚರಗೊಳ್ಳುತ್ತದೆ. ಫ್ರೀಜರ್ ಪ್ರೋಗ್ರಾಮುಗಳಿಗೆ ಒಂದು ಹುಸಿ ಸಿಗ್ನಲ್ ಕೊಡುತ್ತದೆ. ಟಾಸ್ಕ್ ಎದ್ದು, ಸಿಸ್ಟಂ ಕಾಲ್ ಅರ್ಧಕ್ಕೆ ಬಿಟ್ಟು, ಸಿಗ್ನಲ್ ಏನೆಂದು ನೋಡಲು ಹೋಗುತ್ತದೆ. ದಾರಿಯಲ್ಲಿ ‘ರೆಫ್ರಿಜರೇಟರ್’ ಎಂಬ ಫಂಕ್ಷನ್ ಇದೆ, ಕರ್ನಲ್‌ನ ಸೋರ್ಸಿನಲ್ಲಿ ಅದಕ್ಕೆ ಇಟ್ಟಿರುವ ಹೆಸರೇ ಅದು. ಟಾಸ್ಕ್ ಅದರೊಳಗೆ ಹೋಗಿ ನಿಲ್ಲುತ್ತದೆ. ಯಂತ್ರ ಎದ್ದ ಮೇಲೆ ಹೊರಗೆ ಬಂದು ನೋಡಿದರೆ ನಿಜವಾದ ಸಿಗ್ನಲ್ ಯಾವುದೂ ಇರುವುದಿಲ್ಲ. ಬಿಟ್ಟ ಸಿಸ್ಟಂ ಕಾಲ್ ತಾನಾಗಿ ಮತ್ತೆ ಶುರುವಾಗುತ್ತದೆ. ಪ್ರೋಗ್ರಾಮಿಗೆ ತಾನು ಮಲಗಿದ್ದೆನೆಂದೇ ಗೊತ್ತಾಗುವುದಿಲ್ಲ.

ಎರಡನೆಯದು ಅನ್‌ಇಂಟರಪ್ಟಿಬಲ್ ಕಾಯುವಿಕೆ. ಪಿಎಸ್ ಕಮಾಂಡಿನಲ್ಲಿ ‘ಡಿ’ ಎಂದು ಕಾಣುವುದು ಇದೇ. ಯಾವ ಸಿಗ್ನಲ್ ಬಂದರೂ ಇದು ಏಳುವುದಿಲ್ಲ; ಕಾಯುತ್ತಿರುವ ಕೆಲಸ ಆಗಲೇಬೇಕು. ಡಿಸ್ಕಿನ ಓದು ಮುಗಿಯಲಿ ಎಂದು ಕೆಲವು ಮಿಲಿಸೆಕೆಂಡು ಹೀಗೆ ಕಾಯುವುದರಲ್ಲಿ ತಪ್ಪೇನಿಲ್ಲ, ಫ್ರೀಜರ್‌ನ 20 ಸೆಕೆಂಡಿನೊಳಗೆ ಅದು ಮುಗಿದಿರುತ್ತದೆ. ಆದರೆ ಆ ಕೆಲಸ ನೆಟ್‌ವರ್ಕಿನಾಚೆಯ ಯಂತ್ರದ ಕೈಯಲ್ಲೋ ಇನ್ನೊಂದು ಪ್ರೋಗ್ರಾಮಿನ ಕೈಯಲ್ಲೋ ಇದ್ದರೆ ಎಷ್ಟು ಹೊತ್ತಾದೀತೆಂದು ಹೇಳುವವರಿಲ್ಲ.

ಮೂರನೆಯದು ಕಿಲ್ಲಬಲ್ ಕಾಯುವಿಕೆ. 2008ರಲ್ಲಿ ಬಂದ 2.6.25 ಆವೃತ್ತಿಯಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ಸೇರಿಸಿದ್ದು. ಇದು ಎರಡನೆಯದರಂತೆಯೇ, ಆದರೆ ಪ್ರಾಣ ತೆಗೆಯುವ ಸಿಗ್ನಲ್ ಬಂದರೆ ಮಾತ್ರ ಏಳುತ್ತದೆ. ಜೋತುಬಿದ್ದ ಪ್ರೋಗ್ರಾಮನ್ನು ಕೊಲ್ಲಲಾದರೂ ಆಗಲಿ ಎಂಬುದು ಇದರ ಉದ್ದೇಶ. ಫ್ರೀಜರ್‌ನ ಹುಸಿ ಸಿಗ್ನಲ್ ಪ್ರಾಣ ತೆಗೆಯುವಂಥದಲ್ಲ, ಆದ್ದರಿಂದ ಸಸ್ಪೆಂಡಿನ ಮಟ್ಟಿಗೆ ಇದೂ ಏಳದು. ಕಿಲ್ಲಬಲ್ ಮಾಡಿಬಿಟ್ಟೆ, ಇನ್ನು ಸಸ್ಪೆಂಡಿಗೆ ತೊಂದರೆಯಿಲ್ಲ ಎಂದುಕೊಂಡವರು ಮೋಸಹೋಗುವುದು ಇಲ್ಲಿ.

ಒಬ್ಬ ಮಲಗಿದ, ಇನ್ನೊಬ್ಬ ಕಾದ

ನನ್ನ ಬ್ಯಾಕಪ್ಪಿನ ಕಥೆಯನ್ನು ಬಿಡಿಸಿ ನೋಡೋಣ. ದೂರದ ಯಂತ್ರದ ಡೈರೆಕ್ಟರಿಯೊಂದನ್ನು ಎಸ್‌ಎಸ್‌ಎಚ್‌ಎಫ್‌ಎಸ್ ಮೂಲಕ ಮೌಂಟ್ ಮಾಡಿದ್ದೆ. ಇದು ಫ್ಯೂಸ್ ಎಂಬ ಏರ್ಪಾಡಿನ ಮೇಲೆ ನಿಂತಿದೆ. ಫ್ಯೂಸ್‌ನಲ್ಲಿ ಫೈಲ್ ವ್ಯವಸ್ಥೆಯ ನಿಜವಾದ ಕೆಲಸ ಮಾಡುವುದು ಕರ್ನಲ್ ಅಲ್ಲ, ಸಾಮಾನ್ಯ ಪ್ರೋಗ್ರಾಮಿನಂತೆ ಓಡುವ ಒಂದು ಡೀಮನ್. ಬ್ಯಾಕಪ್ ಪ್ರೋಗ್ರಾಮು ಫೈಲು ಓದಲು ಕೇಳಿದಾಗ ಕರ್ನಲ್ ಆ ಕೋರಿಕೆಯನ್ನು ಡೀಮನ್ನಿಗೆ ದಾಟಿಸಿ, ಉತ್ತರ ಬರುವವರೆಗೆ ಬ್ಯಾಕಪ್ಪನ್ನು ‘ಡಿ’ ಸ್ಥಿತಿಯಲ್ಲಿ ಕೂರಿಸಿತು.

ಆ ಕ್ಷಣಕ್ಕೆ ಸರಿಯಾಗಿ ನಾನು ಮುಚ್ಚಳ ಹಾಕಿದೆ. ಫ್ರೀಜರ್ ಎಲ್ಲರಿಗೂ ಕರೆ ಕೊಟ್ಟಿತು. ಡೀಮನ್ ಸಭ್ಯವಾಗಿ ಎದ್ದು ಹೋಗಿ ರೆಫ್ರಿಜರೇಟರಿನಲ್ಲಿ ನಿಂತಿತು. ಬ್ಯಾಕಪ್ಪಿಗೆ ಉತ್ತರ ಕೊಡಬೇಕಾದ ಡೀಮನ್ನೇ ಈಗ ಮಲಗಿದೆ. ಉತ್ತರ ಬರದೆ ಬ್ಯಾಕಪ್ ಏಳದು, ಬ್ಯಾಕಪ್ ಏಳದೆ ಫ್ರೀಜರ್ ಮುಂದೆ ಹೋಗದು. 20 ಸೆಕೆಂಡಲ್ಲ, 20 ನಿಮಿಷ ಕೊಟ್ಟರೂ ಈ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ.

ಯಾರ ಕೆಲಸ ಯಾರನ್ನು ನೆಚ್ಚಿಕೊಂಡಿದೆ ಎಂಬುದು ಫ್ರೀಜರ್‌ಗೆ ತಿಳಿಯುವುದಿಲ್ಲ. ಟಾಸ್ಕುಗಳ ಪಟ್ಟಿ ಹಿಡಿದು ಮೇಲಿನಿಂದ ಕೆಳಕ್ಕೆ ಹೋಗುವುದಷ್ಟೇ ಅದರ ಕ್ರಮ. ಹಿಂದೆ ವಿಫೋರ್ಕ್‌ನಲ್ಲೂ ಇದೇ ತೊಡಕಿತ್ತು: ಮಗು ಪ್ರೋಗ್ರಾಮು ಮೊದಲು ಮಲಗಿಬಿಟ್ಟರೆ ಅದು ಮುಗಿಯಲೆಂದು ಕಾಯುವ ತಾಯಿ ಪ್ರೋಗ್ರಾಮು ಏಳುತ್ತಲೇ ಇರಲಿಲ್ಲ. ಎನ್‌ಎಫ್‌ಎಸ್, ಸಿಐಎಫ್‌ಎಸ್‌ಗಳಂಥ ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ ಸರ್ವರ್ ಮಾತಾಡದಿದ್ದರೂ ಇದೇ ಗತಿ.

ಹಾಗಾದರೆ ಪರಿಹಾರ ಯಾರ ಕೈಯಲ್ಲಿದೆ? ಕಾಯುವವನ ಕೈಯಲ್ಲಿ. ತಾನು ಎಲ್ಲಿ ಕಾಯುತ್ತಿದ್ದೇನೋ ಅಲ್ಲೇ ತನ್ನನ್ನು ಫ್ರೀಜ್ ಮಾಡಿದರೂ ಯಾರಿಗೂ ಹಾನಿಯಿಲ್ಲ ಎಂದು ಆ ಟಾಸ್ಕ್ ಮೊದಲೇ ಹೇಳಿಟ್ಟರೆ, ಫ್ರೀಜರ್ ಅದನ್ನು ಎಬ್ಬಿಸಿ ಕರೆಯಬೇಕಾದ್ದೇ ಇಲ್ಲ. ಈ ಒಂದು ಮಾತನ್ನು ಕೋಡಿನಲ್ಲಿ ಹೇಳುವುದು ಹೇಗೆ ಎಂಬುದೇ ಮುಂದಿನ ವಿಷಯ.

2013 ಮತ್ತು 2022

ಇದನ್ನು ಹೇಳುವ ದಾರಿ ಒಂದೇ ದಿನದಲ್ಲಿ ಬಂದದ್ದಲ್ಲ. ಆಂಡ್ರಾಯ್ಡ್ ಫೋನು ದಿನದಲ್ಲಿ ಅದೆಷ್ಟೋ ಸಲ ಮಲಗಿ ಏಳುತ್ತದೆ. ಪ್ರತಿಸಲವೂ ಸುಮ್ಮನೆ ಮಲಗಿದ್ದ ಟಾಸ್ಕುಗಳನ್ನೆಲ್ಲ ಎಬ್ಬಿಸಿ, ಫ್ರೀಜ್ ಮಾಡಿ ಮತ್ತೆ ಮಲಗಿಸುವುದು ವ್ಯರ್ಥ ಓಡಾಟ. ಆಂಡ್ರಾಯ್ಡಿನಲ್ಲಿ ಕೆಲಸ ಮಾಡುತ್ತಿದ್ದ ಕಾಲಿನ್ ಕ್ರಾಸ್ 2013ರಲ್ಲಿ, 3.11 ಆವೃತ್ತಿಗೆ, ಇದಕ್ಕೊಂದು ಉಪಾಯ ಸೇರಿಸಿದರು. ಫ್ಯೂಟೆಕ್ಸ್, ನ್ಯಾನೊಸ್ಲೀಪ್, ಸೆಲೆಕ್ಟ್ ಮುಂತಾದ ಜನನಿಬಿಡ ಜಾಗಗಳಲ್ಲಿ ಕಾಯುವ ಟಾಸ್ಕನ್ನು ಫ್ರೀಜರ್ ಲೆಕ್ಕಕ್ಕೇ ಹಿಡಿಯದೆ ಬಿಡುವುದು, ಅದು ಎದ್ದಾಗ ತಾನೇ ಫ್ರೀಜ್ ಆಗುವುದು.

ಉಪಾಯ ಒಳ್ಳೆಯದೇ ಆಗಿತ್ತು, ಆದರೆ ಲೆಕ್ಕಕ್ಕೆ ಹಿಡಿಯದ ಟಾಸ್ಕ್ ನಿಜವಾಗಿ ಫ್ರೀಜ್ ಆಗಿರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅದು ಎದ್ದು ಓಡುವ ಸಂದು ಉಳಿದಿತ್ತು. ಪೀಟರ್ ಜೈಲ್‌ಸ್ಟ್ರಾ ಫ್ರೀಜರ್‌ನ ತಿರುಳನ್ನೇ ಹೊಸದಾಗಿ ಬರೆದರು. 2022ರ ಡಿಸೆಂಬರಿನಲ್ಲಿ ಹೊರಬಂದ 6.1 ಆವೃತ್ತಿಯಲ್ಲಿ ಅದು ಸೇರಿದೆ. ಈಗ ‘ಟಾಸ್ಕ್_ಫ್ರೀಜಬಲ್’ ಎಂಬ ಒಂದು ಗುರುತು ಇದೆ. ಕಾಯುವ ಸ್ಥಿತಿಯ ಜೊತೆಗೆ ಈ ಗುರುತನ್ನು ಸೇರಿಸಿ ಮಲಗಿದ ಟಾಸ್ಕನ್ನು ಫ್ರೀಜರ್ ಎಬ್ಬಿಸದೆ, ಇದ್ದಲ್ಲೇ ‘ಟಾಸ್ಕ್_ಫ್ರೋಜನ್’ ಸ್ಥಿತಿಗೆ ಬದಲಿಸುತ್ತದೆ. ಫ್ರೀಜರ್ ಬಿಡುವವರೆಗೆ ಅದು ಏಳುವುದಿಲ್ಲ. ಹಳೆಯ ಪುಸ್ತಕಗಳಲ್ಲಿ, ಹಳೆಯ ಡ್ರೈವರುಗಳಲ್ಲಿ ಕಾಣುವ ‘ಫ್ರೀಜರ್_ಡು_ನಾಟ್_ಕೌಂಟ್’, ‘ಫ್ರೀಜಬಲ್_ಷೆಡ್ಯೂಲ್’ ಮುಂತಾದವು ಈ ಬದಲಾವಣೆಯಲ್ಲಿ ಹೋದವು. ಹೊಸ ಕರ್ನಲ್ಲಿಗೆ ಬರೆಯುವಾಗ ಅವನ್ನು ನಕಲು ಮಾಡಬೇಡಿ.

ಡ್ರೈವರ್ ಬರೆಯುವವರು ಮಾಡಬೇಕಾದ್ದು

1. ಇಂಟರಪ್ಟಿಬಲ್ ಆಗಿ ಕಾಯಬಹುದಾದಲ್ಲಿ ಹಾಗೆಯೇ ಕಾಯಿರಿ. ಕಾಯುವ ಫಂಕ್ಷನ್ ‘ಇರಿಸ್ಟಾರ್ಟ್‌ಸಿಸ್’ ಎಂಬ ಮೌಲ್ಯ ಕೊಟ್ಟರೆ ಅದನ್ನು ಹಾಗೆಯೇ ಮೇಲಕ್ಕೆ ಹಿಂತಿರುಗಿಸಿ. ಬಹಳ ಡ್ರೈವರುಗಳು ಅದನ್ನು ‘ಇಇಂಟರ್’ ಎಂದು ಬದಲಿಸುತ್ತವೆ. ಆಗ ಸಿಸ್ಟಂ ಕಾಲ್ ತಾನಾಗಿ ಮತ್ತೆ ಶುರುವಾಗದೆ, ಲ್ಯಾಪ್‌ಟಾಪ್ ಎದ್ದ ಕೂಡಲೇ ಪ್ರೋಗ್ರಾಮಿಗೆ ಕಾರಣವಿಲ್ಲದ ತಪ್ಪು ಸಂದೇಶ ಸಿಗುತ್ತದೆ. ಈ ಒಂದು ಸಾಲು ಸರಿಮಾಡಿದರೆ ಎಷ್ಟೋ ದೂರುಗಳು ನಿಲ್ಲುತ್ತವೆ.

2. ಸಿಗ್ನಲ್‌ಗೆ ಏಳಕೂಡದ, ಆದರೆ ಬಹಳ ಹೊತ್ತು ಹಿಡಿಯಬಹುದಾದ ಕಾಯುವಿಕೆಯಿದ್ದರೆ ಫ್ರೀಜಬಲ್ ಗುರುತು ಸೇರಿಸುವುದನ್ನು ಯೋಚಿಸಿ. ವೇಟ್ ಕ್ಯೂ ಬಳಸುವವರಿಗೆ ‘ವೇಟ್_ಈವೆಂಟ್_ಸ್ಟೇಟ್’ ಇದೆ. ಕಂಪ್ಲೀಷನ್ ಬಳಸುವವರಿಗೆ ‘ವೇಟ್_ಫಾರ್_ಕಂಪ್ಲೀಷನ್_ಸ್ಟೇಟ್’. ಎರಡಕ್ಕೂ ‘ಟಾಸ್ಕ್_ಕಿಲ್ಲಬಲ್’ ಮತ್ತು ‘ಟಾಸ್ಕ್_ಫ್ರೀಜಬಲ್’ ಎರಡನ್ನೂ ಜೋಡಿಸಿ ಕೊಡಬಹುದು. ವಿಫೋರ್ಕ್‌ನ ತಾಯಿ ಪ್ರೋಗ್ರಾಮು ಇಂದು ಕಾಯುವುದು ಹೀಗೇ.

3. ಕರ್ನಲ್ ಥ್ರೆಡ್ಡು ತಾನಾಗಿ ಫ್ರೀಜ್ ಆಗುವುದಿಲ್ಲ; ಹುಟ್ಟುವಾಗಲೇ ಅದಕ್ಕೆ ವಿನಾಯಿತಿ ಇರುತ್ತದೆ. ಹೈಬರ್ನೇಷನ್ ಚಿತ್ರವನ್ನು ಡಿಸ್ಕಿಗೆ ಬರೆಯಲು ಸಹ ಕೆಲವು ಥ್ರೆಡ್ಡುಗಳು ಓಡುತ್ತಿರಬೇಕಲ್ಲ! ನಿಮ್ಮದು ಫ್ರೀಜ್ ಆಗಬೇಕಿದ್ದರೆ ಶುರುವಿನಲ್ಲೇ ‘ಸೆಟ್_ಫ್ರೀಜಬಲ್’ ಕರೆಯಿರಿ.

4. ಹಾಗೆ ಕರೆದ ಮೇಲೆ ಮಾತು ಉಳಿಸಿಕೊಳ್ಳಿ. ಲೂಪಿನೊಳಗೆ ‘ವೇಟ್_ಈವೆಂಟ್_ಫ್ರೀಜಬಲ್’ ಬಳಸಿ ಕಾಯಬೇಕು, ಇಲ್ಲವೇ ಪ್ರತಿ ಸುತ್ತಿನಲ್ಲೂ ‘ಟ್ರೈ_ಟು_ಫ್ರೀಜ್’ ಕರೆಯಬೇಕು. ಸೆಟ್_ಫ್ರೀಜಬಲ್ ಕರೆದು, ಕೆಳಗೆ ಸಾದಾ ‘ವೇಟ್_ಈವೆಂಟ್’ನಲ್ಲಿ ಕಾಯುವ ಥ್ರೆಡ್ಡನ್ನು ಫ್ರೀಜರ್ ಎಬ್ಬಿಸಿದರೂ ಅದು ಷರತ್ತು ನೋಡಿ, ಇನ್ನೂ ಆಗಿಲ್ಲವೆಂದು ಮತ್ತೆ ಮಲಗುತ್ತದೆ. ರೆಫ್ರಿಜರೇಟರಿನ ಬಾಗಿಲಿಗೆ ಬರುವುದೇ ಇಲ್ಲ. ಸಸ್ಪೆಂಡ್ ಸೋಲುತ್ತದೆ. ಹೊಸಬರ ಡ್ರೈವರುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು.

5. ವರ್ಕ್‌ಕ್ಯೂ ಬಳಸುತ್ತಿದ್ದರೆ ದಾರಿ ಇನ್ನೂ ಸುಲಭ. ಅದನ್ನು ಸೃಷ್ಟಿಸುವಾಗ ‘ಡಬ್ಲ್ಯುಕ್ಯೂ_ಫ್ರೀಜಬಲ್’ ಎಂಬ ಗುರುತು ಕೊಡಿ, ಅಥವಾ ಕರ್ನಲ್‌ನಲ್ಲೇ ಇರುವ ‘ಸಿಸ್ಟಂ_ಫ್ರೀಜಬಲ್_ಡಬ್ಲ್ಯುಕ್ಯೂ’ ಬಳಸಿ. ಸಸ್ಪೆಂಡ್ ಬಂದಾಗ ಓಡುತ್ತಿರುವ ಕೆಲಸ ಮುಗಿಯುತ್ತದೆ, ಹೊಸ ಕೆಲಸ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಓಡುತ್ತಿರುವ ಕೆಲಸವೇ ಕೊನೆಯಿಲ್ಲದೆ ಕಾಯುವಂತಿರಬಾರದು.

6. ಎದ್ದ ಮೇಲೆ ಷರತ್ತನ್ನು ಮತ್ತೊಮ್ಮೆ ನೋಡಿ. ಎಚ್ಚರವಾದದ್ದು ಸುದ್ದಿ ಬಂದದ್ದಕ್ಕೋ ಯಂತ್ರ ಎದ್ದದ್ದಕ್ಕೋ ಎಂದು ಊಹಿಸಬೇಡಿ. ‘ವೇಟ್_ಈವೆಂಟ್’ ಕುಟುಂಬದ ಮ್ಯಾಕ್ರೊಗಳು ಇದನ್ನು ತಾವೇ ಮಾಡುತ್ತವೆ. ಕೈಯಾರೆ ‘ಷೆಡ್ಯೂಲ್’ ಕರೆಯುವವರು ಲೂಪ್ ಹಾಕಲೇಬೇಕು.

7. ಗಡಿಯಾರದ ಬಗ್ಗೆ ಎಚ್ಚರ. ಮಾನೋಟೋನಿಕ್ ಗಡಿಯಾರ ಸಸ್ಪೆಂಡಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೂಟ್‌ಟೈಮ್ ಗಡಿಯಾರ ಹಿಡಿಯುತ್ತದೆ. 30 ಸೆಕೆಂಡಿನ ಗಡುವು ಇಟ್ಟು ಮಲಗಿದ ಟಾಸ್ಕ್ ಎಂಟು ಗಂಟೆಯ ನಂತರ ಎದ್ದಾಗ, ಮಾನೋಟೋನಿಕ್ ಲೆಕ್ಕದಲ್ಲಿ ಇನ್ನೂ 25 ಸೆಕೆಂಡು ಉಳಿದಿರಬಹುದು. ಅಷ್ಟು ಹೊತ್ತಿಗೆ ಆಚೆಯ ಸರ್ವರ್ ಸಂಪರ್ಕ ಕಡಿದುಕೊಂಡಿರುತ್ತದೆ. ನಿಮಗೆ ಯಾವ ಲೆಕ್ಕ ಬೇಕೆಂದು ಮೊದಲೇ ತೀರ್ಮಾನಿಸಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಎಲ್ಲದಕ್ಕೂ ಫ್ರೀಜರ್ ಮೇಲೆ ಭಾರ ಹಾಕಬೇಡಿ. ಎಷ್ಟೋ ಡ್ರೈವರುಗಳಿಗೆ ತಮ್ಮದೇ ಸಸ್ಪೆಂಡ್ ಕಾಲ್‌ಬ್ಯಾಕಿನಲ್ಲಿ ಕೆಲಸ ನಿಲ್ಲಿಸಿ, ರೆಸ್ಯೂಮಿನಲ್ಲಿ ಮತ್ತೆ ಶುರುಮಾಡಿದರೆ ಸಾಕು. ಎದ್ದ ಕೂಡಲೇ ಫರ್ಮ್‌ವೇರ್ ಬೇಕಾಗುವ ಸಾಧನವಿದ್ದರೆ, ಅದನ್ನು ಫ್ರೀಜ್ ಆಗುವ ಮೊದಲೇ, ಸಸ್ಪೆಂಡಿನ ಮುನ್ಸೂಚನೆ ಬಂದಾಗ ಮೆಮೊರಿಗೆ ತಂದಿಟ್ಟುಕೊಳ್ಳಿ. ಪ್ರೋಗ್ರಾಮುಗಳೆಲ್ಲ ಮಲಗಿರುವಾಗ ಅವುಗಳ ನೆರವು ಕೇಳಿದರೆ ಸಿಗುವುದಿಲ್ಲ.

ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಬೇಡಿ

ಫ್ರೀಜಬಲ್ ಗುರುತನ್ನು ಕಂಡಕಂಡಲ್ಲಿ ಹಚ್ಚುವಂತಿಲ್ಲ. ಅದಕ್ಕೆ ಒಂದು ಷರತ್ತು ಇದೆ, ಮತ್ತು ಇಡೀ ವಿಷಯದ ಜೀವ ಆ ಷರತ್ತಿನಲ್ಲಿದೆ. ಫ್ರೀಜ್ ಆಗುವ ಟಾಸ್ಕಿನ ಕೈ ಖಾಲಿ ಇರಬೇಕು.

ತುಂಬಿದ ಮನೆಯಲ್ಲಿ ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರು ಗಾಢ ನಿದ್ದೆಗೆ ಜಾರಿದರೆ, ಉಳಿದವರೆಲ್ಲ ಉಗ್ರಾಣದ ಬಾಗಿಲಲ್ಲಿ ನಿಲ್ಲುತ್ತಾರೆ. ಕರ್ನಲ್‌ನಲ್ಲಿ ಮ್ಯೂಟೆಕ್ಸ್ ಹಿಡಿದ ಟಾಸ್ಕನ್ನು ಫ್ರೀಜ್ ಮಾಡಿದರೆ ಆಗುವುದೂ ಇದೇ. ಆ ಮ್ಯೂಟೆಕ್ಸಿಗಾಗಿ ಕಾಯುವ ಎರಡನೇ ಟಾಸ್ಕ್ ‘ಡಿ’ ಸ್ಥಿತಿಯಲ್ಲಿ ಸಿಕ್ಕಿಬಿದ್ದು ಫ್ರೀಜರನ್ನು ತಡೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮುಂದಿನ ಹಂತದಲ್ಲಿ ಯಾವುದೋ ಡ್ರೈವರಿನ ಸಸ್ಪೆಂಡ್ ಕಾಲ್‌ಬ್ಯಾಕಿಗೆ ಅದೇ ಮ್ಯೂಟೆಕ್ಸ್ ಬೇಕಾಗಬಹುದು. ಆಗ 20 ಸೆಕೆಂಡಿನ ಗಡುವಿನ ಕೃಪೆಯೂ ಇಲ್ಲ, ಯಂತ್ರ ಅಲ್ಲೇ ಜೋತುಬೀಳುತ್ತದೆ.

ಆದ್ದರಿಂದ ಗುರುತು ಹಚ್ಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಸಾಲಿಗೆ ಬರುವ ಹೊತ್ತಿಗೆ ನಾನು ಯಾವ ಲಾಕ್ ಹಿಡಿದಿದ್ದೇನೆ? ನನ್ನನ್ನು ಕರೆದವರು, ಅವರನ್ನು ಕರೆದವರು ಏನಾದರೂ ಹಿಡಿದಿದ್ದಾರೆಯೆ? ನಾನು ಇಲ್ಲೇ ನಿಂತುಬಿಟ್ಟರೆ ನನ್ನಿಂದ ಉತ್ತರಕ್ಕಾಗಿ ಕಾಯುವವರು ಇನ್ಯಾರಾದರೂ ಇದ್ದಾರೆಯೆ? ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ನಿಮ್ಮ ಫಂಕ್ಷನ್ ಶುದ್ಧವಾಗಿದ್ದರೂ, ಅದನ್ನು ಕರೆಯುವ ಮೊದಲು ಮೇಲಿನ ಫೈಲ್ ವ್ಯವಸ್ಥೆಯ ಪದರ ಡೈರೆಕ್ಟರಿಯ ಲಾಕ್ ಹಿಡಿದಿರಬಹುದು. ಫೈಲ್ ವ್ಯವಸ್ಥೆಗಳ ಕಾಯುವಿಕೆಯನ್ನು ಫ್ರೀಜಬಲ್ ಮಾಡುವುದು ಇಷ್ಟು ತಲೆನೋವಿನ ಕೆಲಸವಾಗಿರುವುದು ಇದೇ ಕಾರಣಕ್ಕೆ. ಎನ್‌ಎಫ್‌ಎಸ್, ಸಿಐಎಫ್‌ಎಸ್‌ಗಳಲ್ಲಿ ಈ ಅಪಾಯ ಗೊತ್ತಿದ್ದೇ ಬಿಟ್ಟುಕೊಂಡ ಜಾಗಗಳಿಗೆ ಕರ್ನಲ್ ‘ಅನ್‌ಸೇಫ್’ ಎಂಬ ಬೇರೆಯೇ ಗುರುತು ಇಟ್ಟಿದೆ. ಆ ಹೆಸರಿರುವುದು ಎಚ್ಚರಿಕೆಗೆ. ಹೊಸ ಕೋಡಿನಲ್ಲಿ ಅದನ್ನು ಬಳಸುವ ಆಸೆ ಬೇಡ.

ಇದನ್ನೆಲ್ಲ ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಲಾಕ್‌ಗಳ ಬಳಕೆಯನ್ನು ಗಮನಿಸುವ ಲಾಕ್‌ಡೆಪ್ ಸೇರಿಸಿ ಕಟ್ಟಿದ ಕರ್ನಲ್ಲಿನಲ್ಲಿ ಪರೀಕ್ಷೆ ಮಾಡಿ. ಲಾಕ್ ಹಿಡಿದ ಟಾಸ್ಕ್ ಫ್ರೀಜ್ ಆಗಲು ಹೊರಟರೆ ಅದು ಲಾಗಿನಲ್ಲಿ ಜೋರಾಗಿ ಕೂಗುತ್ತದೆ.

ಮುಚ್ಚಳ ಮುಟ್ಟದೆ ಪರೀಕ್ಷೆ

ಪ್ರತಿ ಬದಲಾವಣೆಗೂ ಯಂತ್ರವನ್ನು ಪೂರ್ತಿ ಮಲಗಿಸಿ ಎಬ್ಬಿಸುತ್ತ ಕೂರಬೇಕಿಲ್ಲ. ಸಸ್ಪೆಂಡನ್ನು ನಡುವಿನ ಮೆಟ್ಟಿಲಲ್ಲೇ ನಿಲ್ಲಿಸಿ ನೋಡುವ ಸೌಲಭ್ಯ ಕರ್ನಲ್ಲಿನಲ್ಲೇ ಇದೆ. ಪವರ್ ಮ್ಯಾನೇಜ್‌ಮೆಂಟಿನ ಡೀಬಗ್ ಆಯ್ಕೆ ಸೇರಿಸಿ ಕಟ್ಟಿದ ಕರ್ನಲ್ಲಿನಲ್ಲಿ ಸಿಸ್ ಡೈರೆಕ್ಟರಿಯ ಕೆಳಗಿನ ಪವರ್ ಡೈರೆಕ್ಟರಿಯಲ್ಲಿ ‘ಪಿಎಂ_ಟೆಸ್ಟ್’ ಎಂಬ ಫೈಲು ಸಿಗುತ್ತದೆ. ರೂಟ್ ಆಗಿ ಅದರೊಳಗೆ ‘ಫ್ರೀಜರ್’ ಎಂಬ ಪದ ಬರೆಯಿರಿ. ಅದೇ ಡೈರೆಕ್ಟರಿಯ ‘ಸ್ಟೇಟ್’ ಫೈಲಿಗೆ ‘ಮೆಮ್’ ಎಂದು ಬರೆಯಿರಿ. ಕರ್ನಲ್ ಎಲ್ಲರನ್ನೂ ಫ್ರೀಜ್ ಮಾಡಿ, 5 ಸೆಕೆಂಡು ಕಾದು, ಹಾಗೆಯೇ ಬಿಡುತ್ತದೆ. ಸಾಧನಗಳ ತಂಟೆಗೆ ಹೋಗುವುದಿಲ್ಲ. ಇಲ್ಲಿ ಸೋತರೆ ತಪ್ಪು ಫ್ರೀಜರ್‌ನ ಹಂತದಲ್ಲೇ ಇದೆ ಎಂದು ಖಚಿತ. ಕೆಲಸ ಮುಗಿದ ಮೇಲೆ ‘ಪಿಎಂ_ಟೆಸ್ಟ್’ಗೆ ‘ನನ್’ ಎಂದು ಬರೆದು ಮೊದಲಿನಂತೆ ಮಾಡಲು ಮರೆಯಬೇಡಿ.

ಈ ಪರೀಕ್ಷೆಯನ್ನು ಒಮ್ಮೆ ಮಾಡಿ ಬಿಟ್ಟರೆ ಸಾಲದು. ನಿಮ್ಮ ಟಾಸ್ಕ್ ಕಾಯುತ್ತಿರುವ ಕ್ಷಣದಲ್ಲೇ ಫ್ರೀಜರ್ ಬರಬೇಕು. ಸಾಧನದ ಕೇಬಲ್ ಕಿತ್ತು, ಸರ್ವರನ್ನು ಬೇಕೆಂದೇ ನಿಲ್ಲಿಸಿ, ಉತ್ತರ ಬಾರದ ಸ್ಥಿತಿ ತಂದುಕೊಂಡು ಪರೀಕ್ಷೆ ನಡೆಸಿ. ಎಲ್ಲ ಸರಿಯಿರುವಾಗ ಸಸ್ಪೆಂಡ್ ಆಗುವುದು ದೊಡ್ಡ ಸಂಗತಿಯಲ್ಲ.

ಸೋತಾಗ ನೋಡಬೇಕಾದ ಜಾಗಗಳು ನಾಲ್ಕು. ಮೊದಲನೆಯದು ಕರ್ನಲ್ ಲಾಗ್. ಒಪ್ಪದ ಟಾಸ್ಕಿನ ಹೆಸರು, ಅದು ಕಾಯುತ್ತಿರುವ ಫಂಕ್ಷನ್ನುಗಳ ಸಾಲು ಎಲ್ಲವೂ ಅಲ್ಲಿರುತ್ತವೆ. ಸಾಲಿನ ಮೇಲ್ತುದಿಯಿಂದ ಓದಿ, ನಿಮ್ಮ ಡ್ರೈವರಿನ ಹೆಸರು ಮೊದಲು ಸಿಗುವಲ್ಲಿ ನಿಲ್ಲಿ. ಫ್ರೀಜ್ ವಿಫಲವಾಯಿತು ಎಂದು ಹೇಳುವ ಲಾಗಿನ ಸಾಲಿನಲ್ಲಿ ‘ಡಬ್ಲ್ಯುಕ್ಯೂ_ಬಿಜಿ’ಯ ಮುಂದೆ 1 ಇದ್ದರೆ ಮುಗಿಯದೆ ಉಳಿದ ವರ್ಕ್‌ಕ್ಯೂ ಕೆಲಸವಿದೆ ಎಂದರ್ಥ. ಎರಡನೆಯದು ಪ್ರಾಕ್ ಡೈರೆಕ್ಟರಿಯಲ್ಲಿ ಆ ಟಾಸ್ಕಿನ ಸಂಖ್ಯೆಯ ಕೆಳಗಿರುವ ‘ಸ್ಟ್ಯಾಕ್’ ಮತ್ತು ‘ಡಬ್ಲ್ಯುಚಾನ್’. ಮೂರನೆಯದು ಸಿಸ್‌ರಿಕ್ಯೂನ ‘ಡಬ್ಲ್ಯು’ ಅಕ್ಷರ, ‘ಡಿ’ ಸ್ಥಿತಿಯಲ್ಲಿರುವವರೆಲ್ಲರ ಪಟ್ಟಿಯನ್ನು ಅದು ಒಮ್ಮೆಗೇ ಕೊಡುತ್ತದೆ. ನಾಲ್ಕನೆಯದು ಪವರ್ ಡೈರೆಕ್ಟರಿಯ ‘ಸಸ್ಪೆಂಡ್_ಸ್ಟ್ಯಾಟ್ಸ್’. ಅಲ್ಲಿ ಫ್ರೀಜ್ ಹಂತದಲ್ಲಿ ಎಷ್ಟು ಸಲ ಸೋತಿದೆ ಎಂಬ ಎಣಿಕೆ ಇರುತ್ತದೆ. ನಿಮ್ಮ ಬದಲಾವಣೆಗೆ ಮುಂಚೆ ಒಮ್ಮೆ, ಒಂದು ವಾರದ ಬಳಿಕ ಒಮ್ಮೆ ಅದನ್ನು ನೋಡಿ.

ಫ್ರೀಜರ್‌ನ ಗಡುವನ್ನು ‘ಪಿಎಂ_ಫ್ರೀಜ್_ಟೈಮ್‌ಔಟ್’ ಎಂಬ ಫೈಲಿನಲ್ಲಿ ಬದಲಿಸಬಹುದು; ಅಲ್ಲಿ 20000 ಎಂದರೆ 20 ಸೆಕೆಂಡು. ಗಡುವು ಹೆಚ್ಚಿಸಿದರೆ ಸಮಸ್ಯೆ ಮಾಯವಾದ ಹಾಗೆ ಕಾಣಬಹುದು. ನಿಧಾನದ ಕಾಯುವಿಕೆಗೆ ಅದು ಸಹಾಯ ಮಾಡೀತು. ಆದರೆ ಒಬ್ಬ ಮಲಗಿ ಇನ್ನೊಬ್ಬ ಕಾಯುವ ಗಂಟಿಗೆ ಗಡುವು ಮದ್ದಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅದನ್ನು 5000ಕ್ಕೆ ಇಳಿಸಿಕೊಂಡರೆ ನಿಮ್ಮ ಸಮಯ ಉಳಿಯುತ್ತದೆ.

ಬಳಸುವವರಿಗೆ ನಾಲ್ಕು ಮಾತು

ಕೋಡ್ ಬರೆಯದೆ ಲಿನಕ್ಸ್ ಬಳಸುವವರೂ ಈ ತೊಂದರೆಯಿಂದ ಪಾರಾಗಬಹುದು. ಮುಚ್ಚಳ ಹಾಕುವ ಮೊದಲು ಎಸ್‌ಎಸ್‌ಎಚ್‌ಎಫ್‌ಎಸ್‌ನಂಥ ದೂರದ ಡೈರೆಕ್ಟರಿಗಳನ್ನು ಅನ್‌ಮೌಂಟ್ ಮಾಡಿ. ಎನ್‌ಟಿಎಫ್‌ಎಸ್-3ಜಿ ಮೂಲಕ ಮೌಂಟ್ ಆದ ಹೊರ ಹಾರ್ಡ್‌ಡಿಸ್ಕೂ ಫ್ಯೂಸ್ ಕುಟುಂಬದ್ದೇ. ದೊಡ್ಡ ಕಾಪಿ ನಡೆಯುತ್ತಿದ್ದರೆ ಮುಗಿಯಲು ಬಿಡಿ. ಚೀಲಕ್ಕೆ ಸೇರಿಸುವ ಮೊದಲು ಪವರ್ ದೀಪ ಮಲಗಿದ ಸೂಚನೆ ಕೊಟ್ಟಿತೆ, ಫ್ಯಾನ್ ನಿಂತಿತೆ ಎಂದು ಅರ್ಧ ನಿಮಿಷ ನೋಡಿ. ಫ್ರೀಜರ್‌ನ ಗಡುವು 20 ಸೆಕೆಂಡಾದ್ದರಿಂದ ಅರ್ಧ ನಿಮಿಷ ಸಾಕು. ಸಸ್ಪೆಂಡ್ ಸೋತರೆ ಕರ್ನಲ್ ಲಾಗಿನ ಆ ಭಾಗವನ್ನು ಪೂರ್ತಿ ನಕಲಿಸಿ, ನೀವು ಬಳಸುವ ಲಿನಕ್ಸಿನ ದೋಷ ದಾಖಲೆಗೆ ಸೇರಿಸಿ. ಬರೀ ‘ಸಸ್ಪೆಂಡ್ ಆಗುತ್ತಿಲ್ಲ’ ಎಂಬ ದೂರಿಗಿಂತ, ಒಪ್ಪದ ಟಾಸ್ಕಿನ ಹೆಸರಿರುವ ಹತ್ತು ಸಾಲು ನೂರು ಪಾಲು ಮೇಲು.

ಡ್ರೈವರ್ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಕೋಡಿನಲ್ಲಿ ಕಾಯುವ ಸಾಲುಗಳನ್ನೆಲ್ಲ ಇವತ್ತೇ ಒಮ್ಮೆ ಹುಡುಕಿ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಎರಡು ಉತ್ತರ ಬರೆಯಿರಿ: ಯಾರಿಗಾಗಿ ಕಾಯುತ್ತಿದೆ, ಕೈಯಲ್ಲಿ ಯಾವ ಲಾಕ್ ಇದೆ. ಉತ್ತರ ತಕ್ಷಣ ಹೊಳೆಯದ ಸಾಲೇ ಮುಂದೊಂದು ದಿನ ಯಾರದೋ ಚೀಲದಲ್ಲಿ ಬಿಸಿಯಾಗುವ ಸಾಲು. ಅದನ್ನು ಮೊದಲು ಸರಿಮಾಡಿ.